ಸನ್ನತಿಗೆ ಬರೋಕಿಂತ ಮೊದಲು ಇದನ್ನ ಓದು

ದೋಸ್ತ,

ಊರಿಗೆ ಬರ್ತೀನಿ ಅಂದಿ, ಭಾಳ ಖುಷಿ ಆಯ್ತು. ಆದ್ರ ಫೋನ್‌ನಾಗ "ನಿಮ್ಮೂರಾಗ ನೋಡಾದು ಏನದಲೇ?" ಅಂತ ನಕ್ಕಿಯಲ್ಲ, ಅದಕ್ಕ ಬರದೇ ಉತ್ತರ ಕೊಡ್ಲಕತ್ತೀನಿ.

ಮೊದಲು ಚಂದ್ರಲಾಂಬಾ ತಾಯಿ. ಭೀಮಾ ದಂಡಿಗಿ ಗುಡಿ. ಭಕ್ತನ ಹೆಂಡತಿ ಮ್ಯಾಲ ಕಣ್ಣು ಹಾಕಿದ ಅರಸನ ಮ್ಯಾಲ ತಾಯಿ ದುಂಬಿ ಬಿಟ್ಟಳು ಅಂತ ಕತಿ. ಓದಿದವರು ಅಶೋಕನ ಹೆಸರು ಕೇಳಿ ಬರ್ತಾರ. ನಮ್ಮ ಮಂದಿಗಿ ಸನ್ನತಿ ಅಂದ್ರ ಇವತ್ತಿಗೂ ಈ ತಾಯಿನೇ.

ಅದೇ ಆವರಣದಾಗ ಕಾಳಿ ಗುಡಿ ಇತ್ತು. 1986ರಾಗ ಅದರ ಮಾಳಿಗಿ ಕುಸಿದು ಬಿತ್ತು. ಕಲ್ಲುಮಣ್ಣು ಸರಿಸಿ ನೋಡಿದ್ರ, ದೇವಿ ನಿಂತಿದ್ದ ಪೀಠದ ತುಂಬ ಬ್ರಾಹ್ಮಿ ಅಕ್ಷರ! ಭಾಷಾ ಪ್ರಾಕೃತ, ಮಾತು ಅಶೋಕನದು. ಒಂದು ಮಗ್ಗಲಿಗಿ ಅವನ 12 ಮತ್ತು 14ನೇ ಶಾಸನ. ಇನ್ನೊಂದು ಮಗ್ಗಲಿಗಿ ಇರೋದು ದೂರದ ಒಡಿಶಾದ ಧೌಲಿ, ಜೌಗಡದಾಗ ಸಿಕ್ಕಂಥ, ಪಂಡಿತರು "ಪ್ರತ್ಯೇಕ ಶಾಸನ" ಅಂತ ಕರಿಯೋ ಶಾಸನಗಳು. 12ನೇದರಾಗ ಏನದ ಗೊತ್ತೇನು? ನಿನ್ನ ಧರ್ಮ ಹೊಗಳ್ಲಕ ಹೋಗಿ ಇನ್ನೊಬ್ಬರದನ್ನ ಹಳೀಬ್ಯಾಡ ಅಂತ. ಅಂಥ ಮಾತಿನ ಮ್ಯಾಲ ಕಾಳವ್ವ ಎಷ್ಟು ಕಾಲ ನಿಂತಿದ್ದಳೋ!

ಮೂರ್ತಿ ಕೂಡಸ್ಲಕ ಯಾರೋ ಕಲ್ಲಿನ ನಡುವ ಚೌಕ ತೂತು ಕೊರದಾರ. ಅಲ್ಲಿದ್ದ ಅಕ್ಷರ ಹೋಗ್ಯಾವ. ಪಂಡಿತರು ಅಯ್ಯೋ ಅಂತಾರ, ನಂದು ಬ್ಯಾರೆ ಲೆಕ್ಕ. ದೇವಿ ಪಾದದ ಕೆಳಗ ಇತ್ತಂತ ಕಲ್ಲು ಉಳೀತು. ನಮ್ಮ ಸೀಮಿಯವರು ಚಪ್ಪಟಿ ಹಾಸಗಲ್ಲು ಕಂಡ್ರ ಬಿಡೋ ಪೈಕಿ ಏನು? ಯಾರದೋ ಮನಿ ಹೊಸ್ತಲಕೋ, ಅರಿವಿ ಒಗಿಲಕೋ ಹೋಗಿಬಿಡ್ತಿತ್ತು. ಹೋದ ಅಕ್ಷರ ಅದರ ಬಾಡಿಗಿ ಅನ್ಕೋ.

ಕನಗನಹಳ್ಳಿ ಬಾಜೂಕೇ ಅದ. ಅಲ್ಲಿ 1990ರ ದಶಕದಾಗ ಪುರಾತತ್ವ ಇಲಾಖೆಯವರು ಅಗದು ದೊಡ್ಡ ಬೌದ್ಧ ಸ್ತೂಪ ಹೊರಗ ತಗದ್ರು. ಒಂದು ಫಲಕದಾಗ ರಾಜ, ರಾಣಿ, ಛತ್ರಿ ಹಿಡದ ಸೇವಕಿ. ಅದರ ಮ್ಯಾಲ "ರಾಯ ಅಸೋಕೋ" ಅಂತ ರಾಜನ ಹೆಸರೂ ಕೊರದಾರ. ಆದ್ರ ಇದೇ ಅಶೋಕನ ಖರೆ ಮಾರಿ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ. ಅಂವ ತೀರಿ ಎಷ್ಟೋ ತಲಿಮಾರು ಕಳದ ಮ್ಯಾಲ, ಸಾತವಾಹನರ ಕಾಲದಾಗ ಕೆತ್ತಿದ್ದು ಅದು. ಅಷ್ಟು ವರ್ಷ ಆದ್ಮ್ಯಾಲೂ ಇಲ್ಲಿನ ಶಿಲ್ಪಿಗಿ ಅವನ ನೆನಪಿತ್ತಲ್ಲ, ನನಗ ಅದೇ ದೊಡ್ಡದು ಅನ್ನಸ್ತದ.

ನಾಲವಾರ ಸ್ಟೇಷನ್‌ದಾಗ ಇಳಿ, ಗಾಡಿ ತಗೊಂಡು ಬರ್ತೀನಿ. ಬ್ಯಾಸಗ್ಯಾಗ ಮಾತ್ರ ಬ್ಯಾಡಪಾ, ಕಲಬುರಗಿ ಬಿಸಿಲು ನಿನಗ ತಡಿಯಲ್ಲ. ದೀಪಾವಳಿ ಮುಗದ ಮ್ಯಾಲ ಬಾ. ವೈನಿನ್ನೂ ಹುಡುಗರನ್ನೂ ಕರಕೊಂಡು ಬಾ. ರೊಟ್ಟಿ, ಪುಂಡಿಪಲ್ಯ ಅವ್ವ ಮಾಡ್ತಾಳ.

ನಿನ್ನ ದೋಸ್ತ