ಹೆರೆರೊ ಹಳ್ಳಿಗೆ ಹೊರಡುವ ಮುನ್ನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯ ಮಕ್ಕಳು ಜೂನ್‌ನಲ್ಲಿ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು, ವಾಟರ್‌ಬರ್ಗ್ ಬೆಟ್ಟದ ಪೂರ್ವಕ್ಕಿರುವ ಒಕಕರಾರಾ ಸೀಮೆಯಲ್ಲಿ ದನ ಸಾಕುವ ಹೆರೆರೊ ಜನರ ಹಳ್ಳಿಯೊಂದರಲ್ಲಿ ಎರಡು ದಿನ ಇರಲಿದ್ದಾರೆ. ಅದಕ್ಕೂ ಮೊದಲು ಮನೆಯಲ್ಲಿ ಮಕ್ಕಳೊಂದಿಗೆ ಕೂತು ಕೆಲವು ಮಾತು ಆಡಬೇಕೆಂದು ಕೋರುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಕುರುವೊ, ಅಂದರೆ ಪವಿತ್ರ ಬೆಂಕಿ. ಮನೆಯ ಹಿರಿಯರು ಗತಿಸಿದ ಪೂರ್ವಜರೊಡನೆ ಮಾತಾಡುವ ಜಾಗವದು. ಯಜಮಾನರ ಮನೆಗೂ ದನದ ದೊಡ್ಡಿಗೂ ನಡುವೆ ಇರುತ್ತದೆ. ಹಗಲಲ್ಲಿ ಬರೀ ಬೂದಿ, ಒಂದಷ್ಟು ಕಟ್ಟಿಗೆ ಕಾಣುವುದರಿಂದ ಹೊಸಬರು ಗೊತ್ತಾಗದೆ ದಾಟಿಬಿಡುತ್ತಾರೆ. ಬೆಂಕಿಗೂ ಆ ಮನೆಗೂ ನಡುವೆ, ಬೆಂಕಿಗೂ ದೊಡ್ಡಿಗೂ ನಡುವೆ ಹಾಯಬಾರದು. ಸುತ್ತು ಹಾಕಿಯೇ ಹೋಗಬೇಕು. ಅದಕ್ಕೆ ಕಸ ಎಸೆಯುವಂತಿಲ್ಲ.

ಬೆಳಗಿನ ಹಾಲು ಕರೆಯುವುದನ್ನು ಮಕ್ಕಳು ಹತ್ತಿರದಿಂದ ನೋಡುತ್ತಾರೆ. ಮೊದಲು ಕರು ಬಿಟ್ಟು ಹಾಲು ಸೊರೆಸಿ, ಹಸುವಿನ ಹಿಂಗಾಲು ಕಟ್ಟಿ ಕರೆಯುತ್ತಾರೆ. ಕರೆದ ಹಾಲನ್ನು ಸೋರೆಬುರುಡೆಗೆ ಹಾಕಿ ಹುಳಿ ಬರಿಸಿದರೆ ಅದೇ ಒಮಾಯೆರೆ. ಬುರುಡೆಯಲ್ಲಿ ಹಳೆಯದನ್ನು ಸ್ವಲ್ಪ ಉಳಿಸುವುದು ನಮ್ಮ ಹೆಪ್ಪಿನ ಹಾಗೆಯೇ. ಸೋಪು ಹಾಕಿ ಉಜ್ಜಿ ತೊಳೆದರೆ ಹೆಪ್ಪೇ ಹೋಗುತ್ತದೆ, ಮುಂದಿನ ಹಾಲು ಕೆಟ್ಟೀತು. ತೊಳೆಯಲು ಸಹಾಯ ಮಾಡುವ ಉತ್ಸಾಹವಿದ್ದರೂ ಮೊದಲು ಕೇಳಲಿ. ಮಜ್ಜಿಗೆ ಕುಡಿದು ಬೆಳೆದ ಮಕ್ಕಳಿಗೆ ಈ ಹುಳಿ ಹೊಸದಾಗಲಾರದು.

ಹೆಂಗಸರ ಉದ್ದ ಲಂಗದ ಉಡುಪು, ದನದ ಕೊಂಬಿನಂತೆ ಚಾಚಿದ ಒಟ್ಜಿಕೈವಾ ಮುಂಡಾಸು ಮಕ್ಕಳ ಕಣ್ಣು ಸೆಳೆಯುತ್ತವೆ. ಉಡುಪಿನ ಮೂಲ 19ನೇ ಶತಮಾನದ ಜರ್ಮನ್ ಮಿಷನರಿ ಮನೆತನಗಳ ಹೆಂಗಸರ ವೇಷ. ಇಂದು ಅದು ಹೆರೆರೊಗಳದ್ದೇ. ಮುಂಡಾಸು ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು.

ಇದೇ ವಾಟರ್‌ಬರ್ಗ್‌ನಲ್ಲಿ 1904ರ ಆಗಸ್ಟ್ 11ರಂದು, ಆಗ ಈ ನಾಡನ್ನು ಆಳುತ್ತಿದ್ದ ಜರ್ಮನಿಯ ಪಡೆಗಳು ಹೆರೆರೊಗಳನ್ನು ಸೋಲಿಸಿ ಒಮಹೆಕೆ ಮರಳುನಾಡಿಗೆ ಅಟ್ಟಿದವು. ನೀರಿನ ತಾಣಗಳನ್ನು ತಡೆದಿದ್ದರಿಂದ ಸಾವಿರಾರು ಜನ ಬಾಯಾರಿಕೆಯಿಂದ ಸತ್ತರು. ಜರ್ಮನಿ ಅದನ್ನು ನರಮೇಧವೆಂದು ಒಪ್ಪಿದ್ದು 2021ರಲ್ಲಿ. ಆ ಊರಿನ ಮನೆಗಳಿಗೆ ಇದು ಪಾಠದ ಪುಟವಲ್ಲ. ಮಕ್ಕಳು ತಿಳಿದು ಹೋಗಲಿ, ಹಿರಿಯರು ತಾವಾಗಿ ಹೇಳಿದರೆ ಕೇಳಲಿ.

ಎದುರಾದವರಿಗೆ ‘ಮೊರೊ’ (ನಮಸ್ಕಾರ) ಎನ್ನಲಿ, ‘ಪೆರಿವಿ?’ (ಹೇಗಿದ್ದೀರಿ?) ಎಂದು ಕೇಳಿದರೆ ‘ನವಾ’ (ಚೆನ್ನಾಗಿದ್ದೇನೆ) ಎನ್ನಲಿ. ಕೃತಜ್ಞತೆಗೆ ‘ಒಕುಹೆಪಾ’.

ಜೂನ್‌ನ ರಾತ್ರಿ ಅಲ್ಲಿ ಕೊರೆಯುವ ಚಳಿ: ದಪ್ಪ ಸ್ವೆಟರ್, ಕಂಬಳಿ, ಮುಳ್ಳು ತಡೆಯುವ ಶೂ, ದಿನಕ್ಕೆ ಮೂರು ಲೀಟರ್ ನೀರು ಬೇಕು. ಹಾಲು ಒಗ್ಗದ ಮಗುವಿದ್ದರೆ ಒಪ್ಪಿಗೆ ಚೀಟಿಯಲ್ಲಿ ಬರೆದು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ.

ಇಂತಿ,
ಮುಖ್ಯೋಪಾಧ್ಯಾಯರು