ಜಾವಾ ಆವೃತ್ತಿ ಬದಲಿಸುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ 11 ಮತ್ತು 17 ಎರಡನ್ನೂ ಇಟ್ಟುಕೊಂಡಿರುವವರು ಒಂದನ್ನು ಬಳಸಲು ಇನ್ನೊಂದನ್ನು ದಯವಿಟ್ಟು ಅಳಿಸಬೇಡಿ. ಟರ್ಮಿನಲ್‌ನಲ್ಲಿ ಸುಡೊ (ನಿರ್ವಾಹಕರ ಅಧಿಕಾರದಿಂದ ಕಮಾಂಡ್ ನಡೆಸುವ ಪದ) ಸಹಿತ ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಕಮಾಂಡಿಗೆ ‘ಕಾನ್ಫಿಗ್’ ಆಯ್ಕೆಯನ್ನೂ ‘ಜಾವಾ’ ಎಂಬ ಹೆಸರನ್ನೂ ಸೇರಿಸಿ ಕೊಟ್ಟರೆ, ಆವೃತ್ತಿಗಳ ಪಟ್ಟಿ ಕ್ರಮಸಂಖ್ಯೆಯೊಂದಿಗೆ ಬರುತ್ತದೆ. ಸದ್ಯ ಬಳಕೆಯಲ್ಲಿರುವುದರ ಎಡಕ್ಕೆ ನಕ್ಷತ್ರ ಚಿಹ್ನೆ ಇರುತ್ತದೆ. ಬೇಕಾದ ಸಂಖ್ಯೆ ಬರೆದು ಎಂಟರ್ ಒತ್ತಿದರೆ ಸಾಕು.

ಆದರೆ ಕಂಪೈಲರ್ (ಬರೆದ ಕೋಡನ್ನು ಜಾವಾ ಓಡಿಸಬಲ್ಲ ಕ್ಲಾಸ್ ಫೈಲಾಗಿ ಬದಲಿಸುವ ಪ್ರೋಗ್ರಾಂ) ಆದ ‘ಜಾವಾಸಿ’ಗೆ ಇದೇ ಕ್ರಮವನ್ನು ಪ್ರತ್ಯೇಕವಾಗಿ ಅನುಸರಿಸಲೇಬೇಕು, ಇಲ್ಲವಾದರೆ 17ರಲ್ಲಿ ಕಂಪೈಲ್ ಆದ ಕ್ಲಾಸ್ ಫೈಲನ್ನು 11 ಓಡಿಸಲು ನಿರಾಕರಿಸಿ, ಫೈಲಿನ ಆವೃತ್ತಿ 61.0, ತನಗೆ ತಿಳಿಯುವುದು 55.0ರವರೆಗೆ ಮಾತ್ರ ಎಂಬ ಎರರ್ ತೋರಿಸುತ್ತದೆ. ಪ್ರಾಜೆಕ್ಟ್ ಬಿಲ್ಡ್ ಮಾಡುವ ಸಾಧನವಾದ ಮೇವನ್ ಬಳಸುವವರು, ಜಾವಾ ಇರುವ ಜಾಗವನ್ನು ತಿಳಿಸುವ ‘ಜಾವಾ ಹೋಮ್’ ವೇರಿಯಬಲ್ಲನ್ನೂ ತಾವೇ ಬದಲಿಸಬೇಕು, ಏಕೆಂದರೆ ಮೇವನ್ ಮೊದಲು ನೋಡುವುದು ಅದನ್ನೇ. ‘ಜಾವಾ’ ಮತ್ತು ‘ಜಾವಾಸಿ’ ಎರಡರ ಆವೃತ್ತಿಯನ್ನೂ ಪರೀಕ್ಷಿಸಿದ ನಂತರವೇ ಬಿಲ್ಡ್ ಆರಂಭಿಸಬೇಕೆಂದು ವಿನಂತಿ.