ಲೇಸರ್ ಯಂತ್ರದ ಜೊತೆ ಒಣ ಕೋಣೆಗೂ ದುಡ್ಡು ಕೊಡಿ

ಸಂಪಾದಕರಿಗೆ,

ಕ್ಯಾನ್ಸರ್ ಸಂಶೋಧನೆಗೆ ಬರುತ್ತಿರುವ ದುಬಾರಿ ಯಂತ್ರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಲೇಸರ್ ಮೈಕ್ರೋಡಿಸೆಕ್ಷನ್ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಸ್ಲೈಡ್ ಲೇಸರ್ ಕೆಳಗೆ ಹೋಗುವ ಮುಂಚಿನ ಕೆಲಸದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕರಾವಳಿಯ ಲ್ಯಾಬೊಂದರಲ್ಲಿ ಅದೇ ಕೆಲಸ ಮಾಡುವವಳು ನಾನು.

ಲೇಸರ್ ಮೈಕ್ರೋಡಿಸೆಕ್ಷನ್ ವಿಧಾನವನ್ನು 1996ರಲ್ಲಿ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ವಿಜ್ಞಾನಿಗಳು ಪ್ರಕಟಿಸಿದರು. ಗಡ್ಡೆಯ ತುಂಡಿನಲ್ಲಿ ಕ್ಯಾನ್ಸರ್ ಕೋಶ, ಒಳ್ಳೆಯ ಕೋಶ, ರಕ್ತನಾಳ ಎಲ್ಲ ಕಲೆತಿರುತ್ತವೆ. ಬೇಕಾದ ಕೋಶಗಳನ್ನಷ್ಟೇ ಲೇಸರಿನಿಂದ ಬಿಡಿಸಿ ತೆಗೆದು, ಅವುಗಳ ಆರ್‌ಎನ್‌ಎ ನೋಡಿದರೆ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ತಿಳಿಯುತ್ತದೆ. ಕೋಶಗಳು ಕಣ್ಣಿಗೆ ಕಾಣಬೇಕಾದರೆ ಬಣ್ಣ ಹಾಕಬೇಕು. ತೊಂದರೆ ಇರುವುದು ಇಲ್ಲೇ. ಬಣ್ಣದ ನೀರು ತಾಗಿದ ಕೂಡಲೇ ಅಂಗಾಂಶದೊಳಗೇ ಇರುವ ಆರ್‌ಎನ್‌ಏಸ್ ಎಂಬ ಕಿಣ್ವ ಆರ್‌ಎನ್‌ಎಯನ್ನು ತುಂಡರಿಸಲು ಶುರು ಮಾಡುತ್ತದೆ. ನಮ್ಮ ಬೆರಳ ತುದಿಯಲ್ಲೂ ಈ ಕಿಣ್ವ ಇದೆ. ಇದರ ಕೆಲವು ಬಗೆಗಳು ಕುದಿಸಿದರೂ ಪೂರ್ತಿ ಹಾಳಾಗುವುದಿಲ್ಲ.

ಹಾಗಾಗಿ ಎಲ್ಲವೂ ಬೇಗ ಬೇಗ ಆಗಬೇಕು. ಹೆಪ್ಪುಗಟ್ಟಿದ ತುಂಡನ್ನು ಮೈನಸ್ 20 ಡಿಗ್ರಿಯ ಕ್ರಯೋಸ್ಟಾಟ್ ಎಂಬ ಕತ್ತರಿಸುವ ಯಂತ್ರದಲ್ಲಿ ಇಟ್ಟು, 8ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪದ ಪದರ ಕತ್ತರಿಸುತ್ತೇವೆ. ತೆಳು ಪೊರೆ ಇರುವ ಸ್ಲೈಡಿಗೆ ಹಿಡಿದು, ತಕ್ಷಣ ತಣ್ಣಗಿನ ಶೇ 70ರ ಆಲ್ಕೋಹಾಲಿಗೆ ಹಾಕುತ್ತೇವೆ. ಹೆಮಟಾಕ್ಸಿಲಿನ್–ಇಯೋಸಿನ್ ಎಂಬ ಜೋಡಿ ಬಣ್ಣ ಹಾಕುವ ಮಾಮೂಲಿ ವಿಧಾನದಲ್ಲಿ ನೀರಿನ ತೊಳೆತ ಜಾಸ್ತಿ. ಅದಕ್ಕೇ ನಾವು ಆಲ್ಕೋಹಾಲಿನಲ್ಲಿ ಕರಗಿಸಿದ ಕ್ರೆಸಿಲ್ ವಯೊಲೆಟ್ ಎಂಬ ಬಣ್ಣ ಬಳಸುತ್ತೇವೆ. ಅರ್ಧ ನಿಮಿಷ ಸಾಕು. ರೋಗ ಪತ್ತೆಗೆ ಬೇಕಾದಷ್ಟು ಚೆಂದದ ಬಣ್ಣ ಬರುವುದಿಲ್ಲ, ನಿಜ. ಗಡ್ಡೆ ಯಾವುದು, ಪಕ್ಕದ್ದು ಯಾವುದು ಅಂತ ಗೊತ್ತಾದರೆ ಆಯಿತು, ಅಲ್ವಾ? ಆಮೇಲೆ ಶೇ 95, ಶೇ 100ರ ಆಲ್ಕೋಹಾಲಿನಲ್ಲಿ ಅದ್ದಿ, ಒಣಗಿಸಿ, ನೇರ ಲೇಸರಿಗೆ.

ಇಷ್ಟೆಲ್ಲ ಮಾಡಿದರೂ ನಮ್ಮ ಮಳೆಗಾಲ ಬಿಡುವುದಿಲ್ಲ. ಜೂನ್ ಬಂತೆಂದರೆ ಇಲ್ಲಿ ಗಾಳಿಯ ತೇವಾಂಶ ಶೇ 80 ದಾಟುವುದು ದಿನದ ಮಾತು. ಮುಚ್ಚಳ ತೆಗೆದಿಟ್ಟ ಶೇ 100ರ ಆಲ್ಕೋಹಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಒಣಗಿದ ಪದರವೂ ಲೇಸರ್ ಕೆಳಗೆ ಕೂತಲ್ಲೇ ತೇವ ಹೀರುತ್ತದೆ. ಆಗ ಕಿಣ್ವ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಕತ್ತರಿಸಿದ ತುಂಡು ಸರಿಯಾಗಿ ಬಿಡಿಸಿಕೊಂಡೂ ಬರುವುದಿಲ್ಲ. ಆರ್‌ಎನ್‌ಎ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬುದಕ್ಕೆ 1ರಿಂದ 10ರವರೆಗಿನ ರಿನ್ ಎಂಬ ಅಂಕ ಇದೆ. 7ರ ಮೇಲಿದ್ದರೆ ನೆಮ್ಮದಿ. ಬೇಸಿಗೆಯಲ್ಲಿ ಅಷ್ಟು ಸಿಗುವ ನಮ್ಮ ಮೇಜಿನಲ್ಲೇ ಮಳೆಗಾಲದಲ್ಲಿ ಅಂಕ ಇಳಿಯುತ್ತದೆ. ತೇವ ತೆಗೆಯುವ ಯಂತ್ರ ಕೊಡಿ ಎಂದು ಪ್ರತಿ ವರ್ಷ ಕೇಳುತ್ತೇವೆ. ಅದಕ್ಕೆ ಅನುದಾನದಲ್ಲಿ ಜಾಗ ಇಲ್ಲವಂತೆ. ಕೋಟಿ ರೂಪಾಯಿಯ ಲೆಕ್ಕದಲ್ಲಿ ಲೇಸರ್ ತರಲು ಜಾಗ ಇತ್ತು!

ಅಂಕ ಇಳಿದ ಕೂಡಲೇ ಬಣ್ಣ ಹಾಕಿದವರನ್ನು ಬೈಯುವುದೂ ಸರಿಯಲ್ಲ. ಬಣ್ಣ ಹಾಕದ ಒಂದು ಪದರವನ್ನು ಮೊದಲು ಕೆರೆದು ಪರೀಕ್ಷಿಸಿ. ಅದರಲ್ಲೇ ಆರ್‌ಎನ್‌ಎ ಹಾಳಾಗಿದ್ದರೆ ತುಂಡು ಆಪರೇಷನ್ ಥಿಯೇಟರಿನಲ್ಲಿ ಬಹಳ ಹೊತ್ತು ಹೊರಗೆ ಬಿದ್ದಿತ್ತು, ಇಲ್ಲವೇ ತಂಪು ಕಾಯದೆ ಬಂತು ಅಂತ ಲೆಕ್ಕ. ಎಷ್ಟೋ ಸಲ ಅಂಗಾಂಶ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬದಲ್ಲೇ ಹಾಕಿ ಕಳಿಸುತ್ತಾರೆ. ರೋಗ ಪತ್ತೆಗೆ ಅದು ಸರಿ. ಆರ್‌ಎನ್‌ಎ ಮಾತ್ರ ಅದರಲ್ಲಿ ಕಟ್ಟಿಹಾಕಿದಂತಾಗಿ ಚೂರು ಚೂರಾಗುತ್ತದೆ. ಥಿಯೇಟರಿನ ನರ್ಸ್‌ಗಳಿಗೆ ಇದನ್ನು ಹೇಳಿಕೊಟ್ಟವರು ಯಾರೂ ಇಲ್ಲ. ಅವರನ್ನು ದೂರಿ ಏನು ಮಾಡುವುದು?

ಆ ತುಂಡು ಯಾರದೋ ಮೈಯದು. ಸಂಶೋಧನೆಗೆ ಬಳಸಿ ಎಂದು ಆಪರೇಷನ್‌ಗೆ ಹೋಗುವ ಭಯದಲ್ಲೂ ಸಹಿ ಹಾಕಿ ಕೊಟ್ಟದ್ದು. ಇನ್ನೊಂದು ತುಂಡು ಕೊಡಿ ಎಂದು ಅವರನ್ನು ಕೇಳಲು ಆಗುವುದಿಲ್ಲ.

ಲೇಸರಿಗೆ ಅನುದಾನ ಕೊಡುವವರು ಅದೇ ಆದೇಶದಲ್ಲಿ ಒಣ ಕೋಣೆಗೂ, ತುಂಡನ್ನು ತಕ್ಷಣ ಹೆಪ್ಪುಗಟ್ಟಿಸಲು ಥಿಯೇಟರ್ ಬಾಗಿಲಿಗೆ ದ್ರವ ಸಾರಜನಕ ತಲುಪಿಸುವ ವ್ಯವಸ್ಥೆಗೂ ದುಡ್ಡು ಇಡಲಿ. ಬಣ್ಣ ಹಾಕುವವರನ್ನು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಇಟ್ಟರೆ ಕೈ ಪಳಗುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಅವರಿಗೆ ಕಾಯಂ ಹುದ್ದೆ ಕೊಡಲಿ. ಮುಂದಿನ ಉದ್ಘಾಟನೆಗೆ ಹೋಗುವ ನಿಮ್ಮ ವರದಿಗಾರರು ಬಣ್ಣದ ಕೋಣೆಯ ಒಳಗೂ ಹೋಗಿ, ಆಗಸ್ಟಿನಲ್ಲಿ ಇಲ್ಲಿ ತೇವಾಂಶ ಎಷ್ಟಿರುತ್ತದೆ ಎಂದು ಕೇಳಲಿ.

– ಪ್ರಯೋಗಾಲಯ ತಂತ್ರಜ್ಞೆ, ಮಂಗಳೂರು